ಬಾಗಿಲ ಪಕ್ಕದ ಇಲಿಗಳು

ಮಾರ್ಚ್ ೧೧, ಮಂಗಳವಾರ

ಒತ್ತಡವನ್ನು ಹತೋಟಿಯಲ್ಲಿಡುವ ಜೀನ್ ತೆಗೆದ ಇಲಿಗಳ ಮೆದುಳಿನಲ್ಲಿ ನೆನಪಿನ ಭಾಗ ಮಾಮೂಲಿ ಇಲಿಗಳಿಗಿಂತ ಚಿಕ್ಕದಾಗಿದೆ. ಅಳತೆ ಮುಗಿಸಿ ಬೀಗುತ್ತಿದ್ದೆ. ಪ್ರಯೋಗಾಲಯದಲ್ಲಿ ಪಂಜರ ತೊಳೆಯುವ ಅಜ್ಜ ತಣ್ಣಗೆ ಕೇಳಿದರು: “ಅಲ್ಲಮ್ಮ, ಆ ಇಲಿಗಳನ್ನೆಲ್ಲ ಬಾಗಿಲ ಪಕ್ಕಾನೇ ಇಟ್ಟಿದ್ರಲ್ಲ? ಬಾಗಿಲು ಬಡಿದಾಗೆಲ್ಲ ಬೆಚ್ಚಿಬೀಳ್ತಿದ್ವು.”

ಎರಡು ವರ್ಷ ನನ್ನ ತಲೆಗೆ ಇದು ಹೊಳೆಯಲೇ ಇಲ್ಲ! ಮೆದುಳನ್ನು ಕುಗ್ಗಿಸಿದ್ದು ಜೀನೋ, ಬಾಗಿಲೋ? ಎರಡೂ ಬಗೆಯ ಹೊಸ ಮರಿಗಳನ್ನು ಜಾಗ ಅದಲುಬದಲು ಮಾಡಿ ಇಟ್ಟು ನೋಡಬೇಕು. ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿ ನಿದ್ದೆ ಹತ್ತುತ್ತಿಲ್ಲ.

ಸಣ್ಣ ಸದ್ದಿಗೂ ನಡುಗುವ ಅಕ್ಕನನ್ನು ನೋಡಿ, “ಅವಳು ಹುಟ್ಟಿದ್ದೇ ಹಾಗೆ” ಅಂತ ಮನೆಯವರೆಲ್ಲ ನಗುತ್ತಿದ್ದೆವು. ಅಪ್ಪ ತಡವಾಗಿ ಬಂದು ಬಾಗಿಲನ್ನು ಒದೆಯುತ್ತಿದ್ದ ಆ ವರ್ಷಗಳಲ್ಲಿ ನಾನು ಗೋಡೆಯ ಕಡೆ ಮಲಗುತ್ತಿದ್ದೆ. ಅಕ್ಕನ ಹಾಸಿಗೆ ಬಾಗಿಲ ಪಕ್ಕದಲ್ಲಿತ್ತು.