ನಿನ್ನ ತಗ್ಗು ಉಳಿಯಿತು, ದಾಕ್ಷಾಯಿಣಿ

ಗೆಳತಿ ದಾಕ್ಷಾಯಿಣಿ,

ನಿನ್ನ ತಗ್ಗು ಉಳಿಯಿತು. ಇದನ್ನು ಮೊದಲು ಬರೆದುಬಿಡುತ್ತೇನೆ, ಕ್ಷಮೆ ಆಮೇಲೆ. ಕ್ಷಮೆ ಮೊದಲು ಬರೆದರೆ ನೀನು ಅಲ್ಲಿಗೇ ಕಾಗದ ಮಡಚಿಡುತ್ತೀ ಎಂಬ ಭಯ.

ನೀನು ಹುಕ್ಕೇರಿ ಕಡೆಯ ಕೆಲಸಕ್ಕೆ ಹೋಗುವ ಮುಂಚಿನ ಆ ಸಭೆಯನ್ನು ಇಬ್ಬರೂ ಮರೆತಿಲ್ಲ. ನಮ್ಮೂರ ಕೆರೆಯ ಮೇಲಿನ ಇಳಿಜಾರಿನಲ್ಲಿ ನೂರಾ ಹತ್ತು ಮನೆಗಳ ಬಡಾವಣೆ; ನೀನು ಅದರ ಎಂಜಿನಿಯರ್. ನಕ್ಷೆಯಲ್ಲಿ ನಾಲ್ಕು ನಿವೇಶನದಷ್ಟು ಜಾಗ ಖಾಲಿ ಬಿಟ್ಟು ‘ತಗ್ಗು’ ಎಂದು ಬರೆದಿದ್ದೆ. ರಸ್ತೆಯ, ಚಾವಣಿಯ ಮಳೆನೀರೆಲ್ಲ ಹುಲ್ಲುಗಾಲುವೆಯಲ್ಲಿ ಅಲ್ಲಿಗೆ ಬಂದು ನಿಂತು, ಮಣ್ಣು ಕೆಳಗೆ ಬಿಟ್ಟು, ನಿಧಾನವಾಗಿ ಕೆರೆಗೆ ಇಳಿಯಬೇಕು ಎಂದು ವಿವರಿಸಿದ್ದೆ. ನನ್ನ ಕೈಯಲ್ಲಿ ಗೋಕಾಕ ಬಸ್ ನಿಲ್ದಾಣದಲ್ಲಿ ಕೊಂಡ ಹದಿನಾರು ಪುಟದ ಪುಸ್ತಿಕೆ. ಮನೆಗೊಂದು ಇಂಗುಗುಂಡಿ ತೋಡಿದರೆ ಸಾಕು, ಈ ತಗ್ಗು ಕೆರೆಗೆ ಕೊಳೆನೀರು ಬಿಡುವ ಹುನ್ನಾರ ಎಂದು ನಾನು ಕೂಗಿದೆ.

“ಮಿತ್ರಾ, ಇದು ಎರಿ ಭೂಮಿ, ಕರೀ ಮಣ್ಣ. ಗುಂಡ್ಯಾಗ ನೀರ ಇಂಗೂದಿಲ್ಲ, ನಿಲ್ತೈತಿ” ಎಂದೆ ನೀನು.

“ಪಗಾರ ಕೊಡಾವ್ರು ಹೇಳ್ಕೊಟ್ಟಿದ್ದನ್ನ ಹೇಳಾಕತ್ತಿ!” ಎಂದೆ ನಾನು. ಸಭೆ ನಕ್ಕಿತು. ನೀನು ನಕ್ಷೆ ಸುತ್ತಿಕೊಂಡು ಕುಳಿತೆ. ಬಡಾವಣೆಯ ಮಾಲೀಕರು ನನ್ನ ಮಾತಿಗೆ ತಕ್ಷಣ ಒಪ್ಪಿದರು. ನಕ್ಷೆಯಲ್ಲಿ ತಗ್ಗು ಹೋಗಿ ನಾಲ್ಕು ನಿವೇಶನ ಬಂದವು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅಂದು ಸಂಜೆ ಅವ್ವ ಜೋಳದ ಚೀಲ ಎತ್ತಿ ಮಂಚದ ಮೇಲಿಟ್ಟಳು. ಕೇಳಿದರೆ, “ಈಗಿಂದನ ರೂಢಿ ಆಗ್ಲಿ” ಎಂದಳು. ನಮ್ಮ ಓಣಿ ಕೆರೆಯ ಕೋಡಿಯ ಕೆಳಗಿದೆ. ನಾನು ನಾಲ್ಕು ವರ್ಷದವಳಿದ್ದಾಗ ಕೋಡಿ ಬಿದ್ದು ನೀರು ಒಳಗೆ ನುಗ್ಗಿದಾಗ ಅವ್ವ ಮಂಚದ ಮೇಲೆ ಚೀಲವನ್ನೂ ಚೀಲದ ಮೇಲೆ ನನ್ನನ್ನೂ ಕೂರಿಸಿದ್ದಳು.

ಅವ್ವನಿಗೆ ತೋರಿಸಿಯೇ ಬಿಡೋಣವೆಂದು ಹಿತ್ತಲಲ್ಲಿ ಪುಸ್ತಿಕೆಯ ಅಳತೆಗೆ ಗುಂಡಿ ತೋಡಿದೆ. ಜಲ್ಲಿ, ಮರಳು ತುಂಬಿದೆ. ರೋಹಿಣಿ ಮಳೆ ಒಮ್ಮೆ ಜೋರಾಗಿ ಹೊಡೆಯಿತು. ಗುಂಡಿ ತುಂಬಿತು. ಮರುದಿನವೂ ತುಂಬಿತ್ತು. ಒಂಬತ್ತನೆಯ ದಿನ ಅವ್ವ ಬಗ್ಗಿ ನೋಡಿ, “ನಿನ್ನ ಪುಸ್ತಕದಾಗ ಕಪ್ಪಿ ಮರಿ ಸುದ್ದೀನೂ ಬರದಾರೇನವಾ?” ಎಂದಳು.

ಪುಸ್ತಿಕೆ ತೆಗೆದೆ. ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಈ ವಿಧಾನ ಕೆಂಪು ಮತ್ತು ಮರಳು ಮಣ್ಣಿಗೆ. ಏಳು ಸಲ ಓದಿದ್ದೆ, ದಾಕ್ಷಿ. ಘೋಷಣೆ ಮುಗಿದಲ್ಲಿಗೆ ಓದು ನಿಲ್ಲಿಸಿದ್ದೆ. ಆ ಇಳಿಜಾರಿನಲ್ಲಿ ಸಿಮೆಂಟ್ ರಸ್ತೆಗಳಾಗಿ, ನೂರಾ ಹದಿನಾಲ್ಕು ಗುಂಡಿಗಳು ಹೀಗೇ ತುಂಬಿ ನಿಂತಿದ್ದರೆ ಮಳೆಯೆಲ್ಲ ಒಮ್ಮೆಲೇ ಕೆರೆಗೆ ನುಗ್ಗಿ, ಕೋಡಿ ಹರಿದು ನಮ್ಮ ಓಣಿಗೆ ಬರುತ್ತಿತ್ತು. ಅದನ್ನು ಕರೆದು ತಂದವಳು ನಾನೇ ಆಗುತ್ತಿದ್ದೆ.

ನಿನ್ನೆ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಕೊನೆಯ ಸಭೆ. ನಾನು ಎದ್ದು ನಿಂತೊಡನೆ ಉದ್ದಪ್ಪ ಕಾಕಾ, “ಏನವಾ, ಇವತ್ತ ಮತ್ತ್ಯಾವ ಪುಸ್ತಕ ತಂದಿ?” ಎಂದರು.

“ಅದನ್ನ ತಂದೀನ್ರಿ ಕಾಕಾ. ಈ ಸಲ ಕಡೀ ಹಾಳಿ ತನಕಾ ಓದೇನ್ರಿ.”

ಮತ್ತೆ ನಕ್ಕರು. ಈ ಸಲ ನಗಲಿ ಎಂದು ಬಿಟ್ಟೆ. ಎಲ್ಲರನ್ನೂ ಹಿತ್ತಲಿಗೆ ಕರೆತಂದು ಗುಂಡಿ ತೋರಿಸಿದೆ. ದಾಕ್ಷಾಯಿಣಿ ಹೇಳಿದ್ದೇ ಖರೆ, ತಪ್ಪು ನನ್ನದು ಎಂದೆ. ಮಾಲೀಕರು ಗೊಣಗಿದರು. ತಗ್ಗು ಬೇಕೆಂಬ ಪಟ್ಟಿನಿಂದ ಕೋಡಿ ಕೆಳಗಿನ ಹೆಂಗಸರು ಒಬ್ಬರೂ ಕದಲಲಿಲ್ಲ. ಸಭೆಗೆ ಮರಳಿದ ಮೇಲೆ ನಿನ್ನ ಹಳೆಯ ನಕ್ಷೆಗೇ ಒಪ್ಪಿಗೆಯಾಯಿತು. ಆ ತಗ್ಗಿಗೆ ಯಾರಾದರೂ ಒಂದು ಬುಟ್ಟಿ ಮಣ್ಣು ಸುರಿದರೂ ನಾನು ಹೋಗಿ ಅಲ್ಲಿಯೇ ಕೂರುತ್ತೇನೆ. ಅಷ್ಟು ಸಿಟ್ಟು ಇನ್ನೂ ಉಳಿದಿದೆ.

ಸಭೆಯ ನಡುವೆ ನಿನಗೆ ಅಂದ ಮಾತನ್ನು ಸಭೆಯ ನಡುವೆಯೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇನ್ನು ನಿನ್ನ ಕಣ್ಣೆದುರಿಗೆ ತೆಗೆದುಕೊಳ್ಳುವುದು ಬಾಕಿ. ಮನೆಗೆ ಬಂದು ಸುದ್ದಿ ಹೇಳಿದಾಗ ಅವ್ವ ಜೋಳದ ಚೀಲ ಇಳಿಸಿ ನೆಲಕ್ಕಿಟ್ಟಳು. ಮಂಚ ಖಾಲಿಯಾಗಿದೆ. ಬಾ, ಕುಳಿತು ಮಾತಾಡೋಣ.

ನೀನೆಳೆದ ಗೆರೆಗಳ ಗುಂಟ ನೀರು ಸಮಾಧಾನದಿಂದ ಹರಿಯಲಿ, ನೀನೂ ತಣ್ಣಗಿರು.

ಇಂತಿ, ಕೊನೆಯ ಪುಟ ಓದಲು ಕಲಿತ
ನಿನ್ನ ಸಂಘಮಿತ್ರಾ