ಗಾಳಿಕಿಂಡಿಯ ಟವೆಲ್ಲು

ಭಾನುವಾರ, ಮಧ್ಯಾಹ್ನ

ಅಕ್ಕಾ,

ನಿನಗೆ ನಮಸ್ಕಾರ ಹೇಳಲೂ ಮುಖವಿಲ್ಲ, ಆದರೂ ಹೇಳುತ್ತಿದ್ದೇನೆ. ನನ್ನ ಸಂದರ್ಶನವನ್ನು ಪತ್ರಿಕೆಯಿಂದ ನೀನು ಕತ್ತರಿಸಿ ಕಳಿಸಿದ ತುಣುಕು ಎದುರಿಗಿದೆ. ಅಂಚಿನಲ್ಲಿ ನಿನ್ನ ಅಕ್ಷರವೂ ಇದೆ: ಅಪ್ಪ ಇದ್ದಿದ್ರೆ ಬೀದಿಗೆಲ್ಲ ತೋರಿಸ್ಕೊಂಡು ಬರ್ತಿದ್ರು, ನನ್ನ ಬಗ್ಗೆ ನೀನು ಹೇಳಿದ್ದು ನಿಜಾನೇ, ಬೇಜಾರಿಲ್ಲ ಅಂತ. ಆ ‘ಬೇಜಾರಿಲ್ಲ’ವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ ಔಷಧಿ ಪುಡಿ ಮಾಡುತ್ತೇನೆ ಎಂದು ಹಾರಿಸಿಬಿಡುತ್ತಿದ್ದೆ. ಈಗ ನಿನಗೆ ಗೊತ್ತಾಗಿದೆ: ನಾನು ಪಳಗಿಸಲು ಹೊರಟಿರುವುದು ಅಪ್ಪನನ್ನು ಕೊಂದ ಅನಿಲವನ್ನೇ, ಬಣ್ಣವೂ ವಾಸನೆಯೂ ಇಲ್ಲದ ಆ ಕಾರ್ಬನ್ ಮಾನಾಕ್ಸೈಡನ್ನೇ. ಉಸಿರಲ್ಲಿ ಹೋದರೆ ಅದು ಮೈಯ ರಕ್ತವನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೇಕಾದ ಜಾಗದಲ್ಲಿ ಮಾತ್ರ ಒಂದಿಷ್ಟೇ ಸಿಕ್ಕರೆ ಉರಿಯೂತ ಇಳಿಸುತ್ತದೆ. ಅದಕ್ಕಾಗಿ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳನ್ನು ಮಾಡಿ, ಅವುಗಳ ತೂತುಗಳಲ್ಲಿ ಈ ಅನಿಲವನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ ತುಂಬುತ್ತೇವೆ. ಕರುಳಿನಲ್ಲಿ ಹುಣ್ಣಾದ ಕಡೆ ಮಾತ್ರ ಕಣದ ಬಾಯಿ ತೆರೆಯಬೇಕು, ಅದೂ ಗಂಟೆಗಟ್ಟಲೆ, ಇಷ್ಟಿಷ್ಟೇ. ಇಲಿಗಳ ಹುಣ್ಣು ಮಾಯುತ್ತಿದೆ. ಮನುಷ್ಯರ ಮಾತು ಇನ್ನೂ ದೂರ.

ನಮ್ಮ ಪ್ರಯೋಗಾಲಯದಲ್ಲಿ ನಾನೇ ತಂದ ಒಂದು ನಿಯಮವಿದೆ. ಕೆಲಸಕ್ಕೆ ಕೈಹಾಕುವ ಮೊದಲು, ಹೊಗೆ ಎಳೆಯುವ ಗೂಡಿನ ಬಾಯಿಗೆ ತೆಳು ಕಾಗದದ ಪಟ್ಟಿ ಹಿಡಿಯಬೇಕು. ಗಾಳಿಯ ಎಳೆತಕ್ಕೆ ಅದು ಒಳಕ್ಕೆ ವಾಲಿದರೆ ಮಾತ್ರ ಮುಂದಿನದು. ಗೋಡೆಯ ಮೇಲೆ ಅನಿಲ ಪತ್ತೆಹಚ್ಚುವ ಯಂತ್ರವೇ ಇರುವಾಗ ಇದೇನು ಹುಚ್ಚು ಎಂದು ಜೊತೆಯವರು ನನಗೆ ‘ಕಾಗದದಮ್ಮ’ ಎಂದು ಹೆಸರಿಟ್ಟಿದ್ದಾರೆ. ಈ ಹಟ ಎಲ್ಲಿಂದ ಬಂತು ಎಂದು ಪತ್ರಿಕೆಯವಳು ಕೇಳಿದಳು. ನನ್ನ ಬಾಯಿಂದ ಸಲೀಸಾಗಿ ಬಂತು: ಅಕ್ಕ ಬಚ್ಚಲಿನ ಗಾಳಿಕಿಂಡಿ ಮುಚ್ಚಿದ್ದಳು, ಗ್ಯಾಸ್ ಗೀಸರ್ ಉರಿಯುತ್ತಿತ್ತು, ಸ್ನಾನಕ್ಕೆ ಹೋದ ಅಪ್ಪ ಹೊರಗೆ ಬರಲಿಲ್ಲ.

ಮುಚ್ಚಿದ್ದು ನಾನು, ಅಕ್ಕ.

ಆ ಬೆಳಿಗ್ಗೆ ನಿನ್ನ ನಂತರ, ಅಪ್ಪನಿಗಿಂತ ಮೊದಲು ಸ್ನಾನಕ್ಕೆ ಹೋದವಳು ನಾನು. ಸ್ನಾನದ ಹೊತ್ತಿಗೆ ಚಳಿಗೆಂದು ಕಿಂಡಿಗೆ ತುರುಕುತ್ತಿದ್ದ ಟವೆಲ್ಲನ್ನು ನೀನು ಎಂದಿನಂತೆ ತೆಗೆದು ಮೊಳೆಗೆ ನೇತುಹಾಕಿದ್ದೆ. ಚಳಿಯೆಂದು ನಾನು ಮತ್ತೆ ತುರುಕಿದೆ. ಪರೀಕ್ಷೆಗೆ ಹೊತ್ತಾಗಿತ್ತು, ಹಾಗೇ ಬಿಟ್ಟು ಓಡಿದೆ. ಸಂಜೆ ಅಮ್ಮ ಅದನ್ನು ಕೈಯಲ್ಲಿ ಹಿಡಿದು ಇದು ಯಾರ ಕೆಲಸ ಎಂದಾಗ ನಾನು ಹೋದಾಗಲೇ ಅಲ್ಲಿತ್ತು ಅಂದೆ. ನೀನು ನನ್ನ ಮಾತನ್ನೇ ನಂಬಿ, ಹಾಗಾದ್ರೆ ನಾನೇ ತೆಗೆಯೋದು ಮರ್ತಿರ್ಬೇಕು ಅಂದೆ. ಆಗ ನನಗೆ ಹದಿನಾರು. ಆ ನೆಪ ಒಂದು ವರ್ಷಕ್ಕೆ ಸಾಕಾಗಬಹುದು, ಇಪ್ಪತ್ತೆರಡು ವರ್ಷಕ್ಕೆ ಸಾಲದು.

ಅಲ್ಲಿಂದೀಚೆಗೆ ಅಮ್ಮ ನಿನಗೆ ಮುಖ ಕೊಟ್ಟು ಮಾತಾಡಿದ್ದನ್ನು ನಾನು ಕಾಣೆ. ನಿನ್ನ ಮದುವೆಗೂ ಯಾರೋ ಪರಿಚಯದವಳಂತೆ ಬಂದು ಹೋದಳು. ನೀನಂತೂ ಇವತ್ತಿಗೂ ಎಂಥ ಚಳಿಯಲ್ಲೂ ಒಂದು ಕಿಟಕಿಯನ್ನೂ ಮುಚ್ಚುವುದಿಲ್ಲ. ನಿನ್ನ ಮಕ್ಕಳು ಸ್ವೆಟರ್ ಹಾಕಿಕೊಂಡೇ ಮಲಗುತ್ತಾರೆ. ಕಳೆದ ಸಲ ಬಂದಾಗ ಇದೇನು ಮನೇನಾ ಬಸ್ ಸ್ಟ್ಯಾಂಡಾ ಎಂದು ಎಲ್ಲರನ್ನೂ ನಗಿಸಿದವಳು ನಾನೇ. ನೀನೂ ನಕ್ಕೆ. ಅದನ್ನು ನೆನೆದರೆ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀಯ. ಇವತ್ತು ಮಕ್ಕಳ ಕೋಣೆಯ ಕಿಟಕಿಯನ್ನಾದರೂ ಮುಚ್ಚು.

ತಲೆ ತಗ್ಗಿಸಿ,
ನಿನ್ನ ತಂಗಿ

ಮತ್ತೊಂದು ಮಾತು: ಇದನ್ನೆಲ್ಲ ಅಮ್ಮನಿಗೂ ಬರೆದು ಮೊನ್ನೆಯೇ ಅಂಚೆಗೆ ಹಾಕಿದ್ದೇನೆ. ನಿನಗೆ ಮೊದಲು ಬರೆದಿದ್ದರೆ, ವಯಸ್ಸಾದೋಳಿಗೆ ಈಗ ಯಾಕೆ ಹೇಳ್ತೀಯ, ಬಿಡು ಅಂತ ನೀನು ತಡೆಯುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಮೂರು ಸಲ ನಿನಗೇ ಮೊದಲು ಬರೆಯಲು ಕುಳಿತಿದ್ದೆ. ನೀನು ಹಾಗನ್ನಲಿ ಎಂದೇ ಕುಳಿತಿದ್ದೆ.