ಮಾವಿನ ಹಣ್ಣಿಗೆ ಎತ್ತಿದ ಕೈ

ಪ್ರೀತಿಯ ಆಯಿ,

ನೀನು ಹೋಗಿ ಒಂಬತ್ತು ವರ್ಷವಾಯಿತು. ಇದನ್ನು ನೀನು ಓದುವುದಿಲ್ಲ, ಗೊತ್ತು. ನಿನಗೆ ಹೊಡೆದ ಪಾರ್ಶ್ವವಾಯು ನನಗೂ ಹೊಡೆದಿದೆ, ಅದೇ ಬಲಗೈಗೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಇವತ್ತು ಕಾರವಾರದಲ್ಲಿ, ವ್ಯಾಯಾಮ ಮಾಡಿಸುವ ಚಂದನಾ ನನ್ನ ಕಣ್ಣಿಗೆ ದೊಡ್ಡ ವಿಆರ್ ಕನ್ನಡಕ ಕಟ್ಟಿದಳು. ಅದರೊಳಗೆ ಮಾವಿನ ತೋಟವೇ ಬಂದು ನಿಂತಿತು! ಕೈ ಎತ್ತಿ ಹಣ್ಣು ಕೀಳಬೇಕು. ನೀನಾಗಿದ್ದರೆ ಮೊದಲು ಅದು ನಮ್ಮೂರಿನ ಇಶಾಡು ಮಾವೋ ಅಲ್ಲವೋ ಎಂದು ಕೇಳುತ್ತಿದ್ದೆ.

ಮೂರು ಸಲವೂ ಕೈ ಏಳಲಿಲ್ಲ. ನಾಚಿಕೆಯಾಯಿತು.

“ಅವಸರ ಬೇಡ ಅಕ್ಕೋರೆ, ಕೈ ಮತ್ತೆ ಕಲೀತಾ ಅದೆ,” ಎಂದಳು ಚಂದನಾ.

ನಿನಗೆ ಹೊಡೆದಿದ್ದಾಗ ಅಂಕೋಲೆಯ ಮನೆಯಲ್ಲಿ ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದವಳೇ ನಿನ್ನೆದುರು ಲೋಟ ಇಟ್ಟು, “ಎತ್ತು. ನೀ ಮನಸ್ಸೇ ಮಾಡೂದಿಲ್ಲ,” ಎಂದು ಗದರುತ್ತಿದ್ದೆ. ನೀನು ಅರ್ಧ ಬಾಯಲ್ಲೇ ನಕ್ಕು, “ನಿನ್ ಶಾಲೆಗೆ ನಾ ದಡ್ಡಿ, ಮಗಾ,” ಎನ್ನುತ್ತಿದ್ದೆ.

ನಾಲ್ಕನೇ ಸಲ ಹಣ್ಣು ಕೈಗೆ ಬಂತು. ಕನ್ನಡಕ ಬಿಚ್ಚುತ್ತಾ ಚಂದನಾ ಕೇಳಿದಳು: “ನಿಮ್ಮ ಆಯಿಗೂ ಹಿಂಗೇ ಆಗಿತ್ತಂತಲ್ಲ? ಅವ್ರಿಗೆ ಯಾರು ಮಾಡಿಸ್ತಿದ್ರು?”

“ನಾನೇ,” ಎಂದೆ. ಅವಳು, “ಪುಣ್ಯವಂತೆ ನಿಮ್ಮ ಆಯಿ,” ಎಂದಳು. ಆ ಲೋಟದ ಮುಂದೆ ನಾನು ಗದರಿದ್ದು ಅವಳಿಗೇನು ಗೊತ್ತು, ಆಯಿ.

ನಿನ್ನ ಮಗಳು,
ಕುಸುಮ